ಮಗಳ ಗಟ್ಟಿ ಓದು

ಇಂದು ಸಂಜೆ ಮಗಳು ನಮ್ಮ ಬೀದರಿನ ಮಹಮೂದ್ ಗವಾನ್ ಮದರಸಾ ಕುರಿತ ಪಾಠವನ್ನು ಗಟ್ಟಿಯಾಗಿ ಓದುತ್ತಿದ್ದಳು. ಒತ್ತಕ್ಷರ ಎದುರಾದಾಗಲೆಲ್ಲ ಅವಳ ತೋರುಬೆರಳು ಸಾಲಿನ ಕೆಳಗೆ ನಿಲ್ಲುತ್ತಿತ್ತು. ತುಟಿಯೊಳಗೇ ಒಮ್ಮೆ ಉಚ್ಚರಿಸಿ ನೋಡಿ, ಅನಂತರ ಧ್ವನಿ ಏರಿಸಿ ಮುಂದೆ ಸಾಗುತ್ತಿದ್ದಳು. 1472ರ ಆ ವಿದ್ಯಾಲಯದಲ್ಲಿ ದೊಡ್ಡ ಗ್ರಂಥಾಲಯವಿತ್ತೆಂದೂ, ಮುಂದೆ ಅಲ್ಲಿ ಸಿಡಿಮದ್ದು ಸ್ಫೋಟಗೊಂಡು ಕಟ್ಟಡದ ಒಂದು ಭಾಗ ಕುಸಿಯಿತೆಂದೂ ಓದಿ, ಥಟ್ಟನೆ ತಲೆಯೆತ್ತಿ ಕೇಳಿದಳು: "ಅಪ್ಪಾ, ಆಗ ಒಳಗ ಹುಡುಗರು ಓದ್ಲಿಕ್ಕತ್ತಿದ್ರೇನು?"

ಮನಸ್ಸಿನಲ್ಲೇ ಓದಿಕೊಂಡಿದ್ದರೆ ಈ ಪ್ರಶ್ನೆ ಅವಳೊಳಗೇ ಉಳಿದುಬಿಡುತ್ತಿತ್ತೇನೋ. ಗಟ್ಟಿಯಾಗಿ ಓದುವಾಗ ಮಗು ಎಲ್ಲಿ ತಡವರಿಸುತ್ತದೆ, ಎಲ್ಲಿ ಅರ್ಥವಾಗದೆಯೇ ದಾಟಿಹೋಗುತ್ತದೆ ಎಂಬುದು ಪಕ್ಕದಲ್ಲಿ ಕುಳಿತವರ ಕಿವಿಗೆ ಬೀಳುತ್ತದೆ. ಆದ್ದರಿಂದ ಮನೆಯಲ್ಲಿ ದಿನಕ್ಕೊಂದು ಪುಟವಾದರೂ ಹೀಗೆ ಓದಿಸಬೇಕು. ನಡುವೆ ಬಾಯಿ ಹಾಕಿ ತಿದ್ದುವ ಅವಸರ ಮಾತ್ರ ಬೇಡ, ಎಷ್ಟೋ ತಪ್ಪುಗಳನ್ನು ಮಕ್ಕಳು ತಮ್ಮ ಕಿವಿಯಿಂದಲೇ ಕೇಳಿ ಸರಿಪಡಿಸಿಕೊಳ್ಳುತ್ತಾರೆ.