ಕಂಸಾಳೆಗೆ ಒಂದೂವರೆ ಪಟ್ಟು ವೇಗ: ಮಿನಿಡಿವಿ ಟೇಪಿನ ಧ್ವನಿ ಸರಿಹೋಯ್ತು

ಬಲರಾಮ ಅಂಬಾರಿ ಹೊರುತ್ತಿದ್ದ ಕಾಲದ ಜಂಬೂಸವಾರಿಯ ಮಿನಿಡಿವಿ ಟೇಪು (ಹಳೇ ವಿಡಿಯೊ ಕ್ಯಾಮೆರಾದ ಪುಟ್ಟ ಡಿಜಿಟಲ್ ಕ್ಯಾಸೆಟ್ಟು) ಕೊನೆಗೂ ಕಂಪ್ಯೂಟರಿಗೆ ಇಳಿದು ಎಡಿಟಿಂಗ್ ಟೈಮ್‌ಲೈನ್‌ನಲ್ಲಿ ನೆಟ್ಟಗೆ ಕೂತಿದೆ. ಕ್ಯಾಮೆರಾನ ಕಂಪ್ಯೂಟರಿಗೆ ಜೋಡಿಸೋ ಫೈರ್‌ವೈರ್ ಕಾರ್ಡು, ಅದನ್ನ ನಡೆಸೋ ಲೆಗಸಿ 1394 ಡ್ರೈವರ್, ಟೇಪು ಓದೋ ಹೆಡ್ಡಿನ ಕ್ಲೀನಿಂಗ್ ಎಲ್ಲ ನಿಮಗೆ ಗೊತ್ತಿರೋದೇ. ಒಂದು ತುದಿ 4 ಪಿನ್, ಇನ್ನೊಂದು ತುದಿ ಯುಎಸ್‌ಬಿ ಇರೋ ಕೇಬಲ್‌ಗೆ ಮಾತ್ರ ದುಡ್ಡು ಹಾಕಬೇಡಿ. ಡಿವಿ ಕ್ಯಾಪ್ಚರ್‌ಗೆ, ಅಂದರೆ ಟೇಪನ್ನ ಕಂಪ್ಯೂಟರಿಗೆ ಇಳಿಸೋಕೆ ಅಂತ ಈಗಲೂ ಮಾರ್ತಾರೆ. ಒಳಗೆ ಬರೀ ತಂತಿ, ಚಿತ್ರ ಬರೋದೇ ಇಲ್ಲ. ಇಂಥದ್ದನ್ನ ಮಾರೋದು ಅನ್ಯಾಯ.

ಕಾಡಿದ್ದು ಧ್ವನಿ. ಅರಮನೆ ಮುಂದಿನ ನಂದಿಧ್ವಜದವರೆಗೆ ಎಲ್ಲ ಸರಿ. ಸಯ್ಯಾಜಿರಾವ್ ರಸ್ತೆಯ ಶಾಟ್ ಶುರುವಾದ ಕೂಡಲೇ ಕಂಸಾಳೆ ಒಂದೂವರೆ ಪಟ್ಟು ಜೋರಾಗಿ ಓಡುತ್ತೆ, ಸ್ವರ ಕೀಚಲಾಗುತ್ತೆ, ಚಿತ್ರ ಇನ್ನೂ ಇರುವಾಗಲೇ ಶಬ್ದ ಖಾಲಿ. ಇಡೀ ಕ್ಲಿಪ್ಪಿನ ಧ್ವನಿ ನಿಧಾನ ಮಾಡಿದರೆ ಮೊದಲ ಭಾಗ ಕೆಡುತ್ತೆ.

ಆ ಒಂದೂವರೆಯೇ ಸುಳಿವು: 48 ಭಾಗಿಸು 32. ನಡುವೆ ಕ್ಯಾಮೆರಾದ ಆಡಿಯೊ 16 ಬಿಟ್‌ನಿಂದ 12 ಬಿಟ್‌ಗೆ, ಅಂದರೆ ಸ್ಯಾಂಪಲ್ ದರ (ಸೆಕೆಂಡಿಗೆ ಧ್ವನಿಯನ್ನ ಎಷ್ಟು ಸಲ ಅಳೆದಿದೆ ಅನ್ನೋದು) 48 ಕಿಲೋಹರ್ಟ್ಸ್‌ನಿಂದ 32ಕ್ಕೆ ಬದಲಾಗಿದೆ. ಕ್ಯಾಪ್ಚರ್ ಆದ ಫೈಲು ಟೈಪ್-2 ಎವಿಐ, ಅಂದರೆ ವಿಡಿಯೊಗೊಂದು, ಆಡಿಯೊಗೊಂದು ಬೇರೆ ಟ್ರ್ಯಾಕು. ಅದರ ಆಡಿಯೊ ಟ್ರ್ಯಾಕಿಗೆ ದರ ಬರೆದಿಟ್ಟ ಹೆಡರ್ ಇರೋದು ಒಂದೇ. ಶುರುವಿನ 48 ಅನ್ನೇ ಕೊನೇವರೆಗೂ ನಂಬುತ್ತೆ.

ಟೇಪನ್ನ ಮತ್ತೆ ಓಡಿಸಬೇಕಾಗಿಲ್ಲ, ಸಂತೋಷದ ವಿಷಯ ಅದೇ. ಟೈಪ್-2ರ ವಿಡಿಯೊ ಟ್ರ್ಯಾಕಿನ ಒಳಗೆ ಮೂಲ ಡಿವಿ ಫ್ರೇಮು ಹಾಗೇ ಇರುತ್ತೆ: 1,44,000 ಬೈಟು, ಅದರದ್ದೇ ಆಡಿಯೊ, ಅದರದ್ದೇ ಸ್ಯಾಂಪಲ್ ದರ. ಎಫ್ಎಫ್ಎಂಪೆಗ್ ಅನ್ನೋ ಉಚಿತ ವಿಡಿಯೊ ಸಾಫ್ಟ್‌ವೇರ್‌ನಲ್ಲಿ ವಿಡಿಯೊ ಟ್ರ್ಯಾಕನ್ನಷ್ಟೇ ಎನ್‌ಕೋಡ್ ಮಾಡದೆ ಕಾಪಿ ಕೊಟ್ಟು, ಫಾರ್ಮ್ಯಾಟ್ ರಾ-ವಿಡಿಯೊ, ಹೆಸರಿನ ಕೊನೆಗೆ ಡಾಟ್ ಡಿವಿ ಇಟ್ಟು ಹೊರಗೆ ತೆಗೆಯಿರಿ. ಆಮೇಲೆ ಅದನ್ನ, ಡಿವಿ ಟೇಪುಗಳಿಗೆಂದೇ ಇರೋ ಡಿವಿರೆಸ್ಕ್ಯೂ ಸಾಫ್ಟ್‌ವೇರ್ ಜೊತೆ ಬರೋ ಡಿವಿಪ್ಯಾಕೇಜರ್‌ಗೆ ಕೊಡಿ. ದರ ಬದಲಾದ ಜಾಗದಲ್ಲಿ ಅದು ತಾನಾಗೇ ಫೈಲನ್ನ ತುಂಡು ಮಾಡುತ್ತೆ. 32ರ ತುಂಡಿನ ಆಡಿಯೊನ 48ಕ್ಕೆ ರೀಸ್ಯಾಂಪಲ್ ಮಾಡಿ ಪ್ರಾಜೆಕ್ಟಿಗೆ ಎಳೆದುಕೊಂಡರೆ ತಾಳದ ಬಡಿತ ಕೈಯ ಬೀಸಿಗೆ ಸರಿಯಾಗಿ ಬೀಳುತ್ತೆ.

ಇದರ ನಡುವೆಯೇ ಮಂಡ್ಯದ ಒಂದು ಮದುವೆಯ ವಿಎಚ್ಎಸ್ ಕ್ಯಾಸೆಟ್ಟು ಮೇಜಿನ ಮೇಲೆ ಬಂದಿದೆ. ಅದನ್ನ ಇದೇ ದಾರಿಯಲ್ಲಿ ಕಂಪ್ಯೂಟರಿಗೆ ತರೋಕೆ, ವಿಸಿಆರ್‌ನಿಂದ ಎವಿ-ಇನ್‌ಗೆ ಬಂದ ಚಿತ್ರ-ಧ್ವನಿಯನ್ನ ಫೈರ್‌ವೈರ್‌ನ ಡಿವಿ-ಔಟ್‌ಗೆ ನೇರ ದಾಟಿಸೋ ಕ್ಯಾಮೆರಾ ಬೇಕು. ಎವಿ-ಇನ್ ಮುಚ್ಚಿರೋ ಮಾಡೆಲ್‌ಗಳೂ ಇವೆ, ಕೊಳ್ಳೋ ಮುಂಚೆ ಮೆನು ತೆಗೆದು ನೋಡಿ.

ಇಂಪೋರ್ಟ್ ಆದಮೇಲೆ ಆನೆಯ ಹೆಜ್ಜೆ ಹಿಂದೆ-ಮುಂದೆ ಜಗ್ಗಿದಂತೆ ಕಂಡರೆ ಫೀಲ್ಡ್ ಆರ್ಡರ್ (ಒಂದು ಫ್ರೇಮಿನ ಎರಡು ಅರ್ಧಗಳಲ್ಲಿ ಯಾವುದು ಮೊದಲು ಅನ್ನೋದು) ತಪ್ಪಿದೆ. ಡಿವಿಗೆ ಬಾಟಮ್ ಫಸ್ಟ್. ಗಂಟೆಗೆ ಸುಮಾರು 13 ಜಿಬಿ ಜಾಗ ಬೇಕು. ಒಂದು ಫೈಲು 4 ಜಿಬಿ ದಾಟೋಕೆ ಬಿಡದ ಫ್ಯಾಟ್32 ಫಾರ್ಮ್ಯಾಟಿನ ಡಿಸ್ಕಾದರೆ ಅಷ್ಟು ತುಂಬಿ ಇಪ್ಪತ್ತು ನಿಮಿಷದ ಹೊತ್ತಿಗೆ ನಿಂತುಬಿಡುತ್ತೆ.