ಬೆಂಗಳೂರಿನಿಂದ ಬನ್ನೂರು ದಾರಿಯಲ್ಲಿ ಮೈಸೂರಿಗೆ: ಸೈಕಲ್ ಕೊಳ್ಳುವ ಮುಂಚೆ ಓದಿ

"ಲಾಂಗ್ ರೈಡಿಗೆ ಇದೇ ಸರಿ ಸಾರ್" ಅಂತ ಅಂಗಡಿಯವರು ಕೊಟ್ಟಿದ್ದು ಮುಂದೆ ಶಾಕ್ ಅಬ್ಸಾರ್ಬರ್ ಇರುವ, ದಪ್ಪ ಮುಳ್ಳು ಟೈರಿನ ಸೈಕಲ್. 22 ಸಾವಿರ ಕೊಟ್ಟೆ. ಕನಕಪುರ ದಾಟುವ ಹೊತ್ತಿಗೆ ಎರಡೂ ಕಿರುಬೆರಳು ಜೋಮು ಹಿಡಿದಿದ್ದವು. ಏರಿನಲ್ಲಿ ಎದ್ದು ನಿಂತು ತುಳಿದರೆ ಮುಂಚಕ್ರ ಹಿಡಿದಿರುವ ಫೋರ್ಕ್ ಕುಗ್ಗುತ್ತಿತ್ತು, ತುಳಿದ ಬಲವೆಲ್ಲ ಅಲ್ಲೇ ಸೋರಿಹೋಗುತ್ತಿತ್ತು. ಹಲಗೂರಿನಿಂದ ಗೂಡ್ಸ್ ಆಟೋ ಹಿಡಿದು ವಾಪಸ್ ಬಂದೆ. ಆ ಸಿಟ್ಟು ಇನ್ನೂ ಇಳಿದಿಲ್ಲ.

ಈ ದಾರಿಯೇ ಯಾಕೆ ಅಂದರೆ, ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕ್, ಆಟೋ, ಸೈಕಲ್ ಬಿಡುವುದಿಲ್ಲ. ಸರ್ವಿಸ್ ರಸ್ತೆ ಇದೆ. ಆದರೆ ಬಸ್ಸು, ಟ್ರಾಕ್ಟರ್ ನಡುವೆ ನುಗ್ಗುವುದು ನನ್ನ ಕೈಲಿ ಆಗಲ್ಲ. ಕನಕಪುರ, ಸಾತನೂರು, ಹಲಗೂರು, ಮಳವಳ್ಳಿ, ಬನ್ನೂರು ಹಾದು ಹೋಗಿ. ಬೆಳಗ್ಗೆ ಐದಕ್ಕೆ ಮುಂಚೆ ಊರು ಬಿಡಿ.

ಎರಡನೇ ಸಲ ಗೆಳೆಯನ ಹೈಬ್ರಿಡ್ (ರೋಡ್ ಸೈಕಲ್, ಮೌಂಟನ್ ಸೈಕಲ್ ಎರಡರ ನಡುವಿನದು) ತೆಗೆದುಕೊಂಡು ಹೋದೆ. ಶಾಕ್ ಇಲ್ಲ. 38 ಮಿಲಿಮೀಟರ್ ಅಗಲದ ನುಣುಪು ಟೈರು. ನನ್ನ ತೂಕ 72 ಕೆಜಿ, ಟೈರಿನ ಗಾಳಿ ಒತ್ತಡ ಐವತ್ತು ಪಿಎಸ್‌ಐ (ಪಂಪಿನ ಮೀಟರಿನ ಅಳತೆ) ಆಸುಪಾಸು. ಹಂಪ್, ಗುಂಡಿಯ ಪೆಟ್ಟನ್ನು ಟೈರೇ ನುಂಗಿಬಿಡುತ್ತದೆ, ಅದಕ್ಕೆ ಶಾಕ್ ಬೇಕಾಗಲೇ ಇಲ್ಲ. ಹಿಂದಿನ ದೊಡ್ಡ ಗೇರಿಗೆ 34 ಹಲ್ಲು, ತುಳಿತ ಹಗುರ, ಹಾಗಾಗಿ ಬ್ಯಾಗಿದ್ದರೂ ಏರು ಹತ್ತಿತು. ಹ್ಯಾಂಡಲ್ ತುದಿಗೆ ಹಿಡಿದುಕೊಳ್ಳಲು ಎರಡು ಕೊಂಬು (ಬಾರ್ ಎಂಡ್) ಹಾಕಿಸಿದ್ದೆ. ಕೈ ಇಡುವ ಜಾಗ ಆಗಾಗ ಬದಲಾಯಿಸಿದ್ದಕ್ಕೆ ಬೆರಳು ಜೋಮು ಹಿಡಿಯಲಿಲ್ಲ. ಕೊಳ್ಳುವಾಗ ಕ್ಯಾರಿಯರ್ ಕೂರಿಸಲು ಫ್ರೇಮಿನಲ್ಲಿ ತೂತುಗಳಿವೆಯಾ ನೋಡಿ. ಸೀಟಿನ ಎತ್ತರಕ್ಕೆ ಸುಲಭ ಲೆಕ್ಕ ಇದೆ. ಪೆಡಲ್ ಕೆಳಗಿದ್ದಾಗ ಹಿಮ್ಮಡಿ ಇಟ್ಟರೆ ಮೊಣಕಾಲು ನೆಟ್ಟಗಾಗಬೇಕು. ಅಂಗಡಿ ಮುಂದೆ ಸುಮ್ನೆ ಒಂದು ಸುತ್ತು ಹೊಡೆದರೆ ಏನೂ ಗೊತ್ತಾಗಲ್ಲ, ಅರ್ಧ ಗಂಟೆ ಓಡಿಸಲು ಕೊಡಿ ಅಂತ ಕೇಳಿ. ಕೊಡದಿದ್ದರೆ ಬೇರೆ ಅಂಗಡಿಗೆ ಹೋಗಿ.

ಹಲಗೂರು ದಾಟಿದ ಮೇಲೆ ಎಡಕ್ಕೆ ಒಂದು ಹೆಂಚಿನ ಹೋಟೆಲ್, ಬೋರ್ಡಿಲ್ಲ. ಒಂಬತ್ತಕ್ಕೇ ಬಿಸಿ ಮುದ್ದೆ, ಉಪ್ಸಾರು. ಅಜ್ಜಿ ಒರಳಲ್ಲಿ ಹಸಿಮೆಣಸು, ಬೆಳ್ಳುಳ್ಳಿ, ಜೀರಿಗೆ ರುಬ್ಬಿ ಆ ಖಾರವನ್ನು ಬೆರಳಲ್ಲೇ ತೆಗೆದು ತಟ್ಟೆಯ ಅಂಚಿಗೆ ಒರೆಸುತ್ತಾರೆ. ಸಾರಿನ ಜೊತೆ ಎಷ್ಟು ಬೇಕೋ ಅಷ್ಟು ಕಲಸಿಕೊಳ್ಳಬೇಕು. ತಟ್ಟೆಯಲ್ಲಿ ಬೆಂದ ಅವರೆಕಾಳು, ಸೊಪ್ಪು. ಸಾರು ಖಾಲಿಯಾದರೆ ಕೇಳದೇ ಬಡಿಸುತ್ತಾರೆ. ನಾನು ಕೊಟ್ಟಿದ್ದು ಐವತ್ತು ರೂಪಾಯಿ. ಬೆವರು ಸುರಿಸಿ ಬಂದವರಿಗೆ ಆ ಉಪ್ಪು, ಬಿಸಿ ಎಷ್ಟು ಹಿತ ಅಂದರೆ, ಬನ್ನೂರಿನವರೆಗೆ ನನಗೆ ಹಸಿವೇ ಆಗಲಿಲ್ಲ.

ಬನ್ನೂರಿಗೆ ಮುಂಚೆ ಪಂಕ್ಚರ್ ಆಯಿತು. ಅಂಗಡಿಯಣ್ಣ ಹತ್ತೇ ನಿಮಿಷದಲ್ಲಿ ತೇಪೆ ಹಾಕಿದ. ಆಮೇಲೆ ಪೈಪ್ ಕೈಯಲ್ಲಿ ಹಿಡಿದು ನಿಂತುಬಿಟ್ಟ. "ಇದಕ್ಕೆ ನಮ್ ಪಂಪ್ ಕೂರಲ್ಲ ಅಣ್ಣ." ಇಂಥ ಎಷ್ಟೋ ಸೈಕಲ್ಲುಗಳಿಗೆ ಪ್ರೆಸ್ಟಾ ಅನ್ನುವ ತೆಳು ವಾಲ್ವ್ ಇರುತ್ತದೆ. ಬೈಕಿನ ಗಾಳಿ ಪೈಪ್ ಅದಕ್ಕೆ ಹಿಡಿಯುವುದಿಲ್ಲ. ಕೈಪಂಪಿನಲ್ಲಿ ಇನ್ನೂರೈವತ್ತು ಸಲ ಒತ್ತಿದ ಮೇಲೆ ಹೊರಟೆ. ಬೆರಳುಗುರಿನಷ್ಟು ದೊಡ್ಡ ಹಿತ್ತಾಳೆ ಅಡಾಪ್ಟರ್ (ಆ ವಾಲ್ವಿಗೆ ಬೈಕಿನ ಪೈಪ್ ಹಿಡಿಯುವಂತೆ ಮಾಡುವ ತುಂಡು) ಇದ್ದಿದ್ದರೆ ಒಂದು ನಿಮಿಷದ ಕೆಲಸ, ಅಲ್ವಾ? ಈಗ ಅಂಥ ಒಂದು ಅಡಾಪ್ಟರ್ ಟೂಲ್ ಚೀಲದಲ್ಲಿದೆ, ಇನ್ನೊಂದನ್ನು ಹಿಂದಿನ ಚಕ್ರದ ವಾಲ್ವಿಗೇ ತಿರುಗಿಸಿಟ್ಟಿದ್ದೇನೆ.