ಎಣ್ಣೆಯಂತೆ ಹರಿದ ಪ್ಲಾಸ್ಟಿಕ್

ಪೀಣ್ಯದ ಒಂದು ಮೋಲ್ಡಿಂಗ್ ಘಟಕದಲ್ಲಿ ಗುಣಮಟ್ಟ ಪರೀಕ್ಷೆಯ ಕೆಲಸಕ್ಕೆ ಸೇರಿದ ಎರಡನೆಯ ವರ್ಷದಲ್ಲಿ ನಡೆದ ಸಂಗತಿಯಿದು. ನಾವು ಪಾಲಿಪ್ರೊಪಿಲೀನ್ ಎಂಬ ಪ್ಲಾಸ್ಟಿಕ್ಕಿನಿಂದ ಮಾಡುತ್ತಿದ್ದ ಡಬ್ಬಿ ಮುಚ್ಚಳಗಳು ಮಡಿಕೆಯ ಜಾಗದಲ್ಲಿ ಬಿರುಕು ಬಿಟ್ಟು ವಾಪಸ್ಸು ಬರತೊಡಗಿದ್ದವು. ಅವುಗಳನ್ನು ತಯಾರಿಸಿದ ವಾರದಲ್ಲೇ ಯಂತ್ರ ನಡೆಸುವ ಹಿರಿಯರು, “ಈ ಸಲದ ಮಾಲು ಎಣ್ಣೆ ಹಾಗೆ ಹರೀತದೆ ಮೇಡಂ, ಪ್ರೆಶರ್ ಇಳಿಸಿದ್ದೀನಿ” ಎಂದು ಸಂತೋಷದಿಂದ ಹೇಳಿದ್ದರು. ನಾನೂ ಅದನ್ನು ಒಳ್ಳೆಯ ಸುದ್ದಿಯೆಂದೇ ಬಗೆದಿದ್ದೆ.

ದೂರು ಬಂದ ಬೆಳಗ್ಗೆ ಯಂತ್ರಕ್ಕೆ ಮಾಲು ಸುರಿಯುವ ಹಾಪರಿನಿಂದ ಒಂದು ಹಿಡಿ ಹರಳು ತೆಗೆದು, ಕರಗಿದ ಪ್ಲಾಸ್ಟಿಕ್ಕಿನ ಹರಿವನ್ನು ಅಳೆಯುವ ಎಂಎಫ್‌ಐ (ಮೆಲ್ಟ್ ಫ್ಲೋ ಇಂಡೆಕ್ಸ್) ಯಂತ್ರಕ್ಕೆ ಹಾಕಿದೆ. 230 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದ ಪ್ಲಾಸ್ಟಿಕ್ಕನ್ನು 2.16 ಕಿಲೋ ತೂಕದಿಂದ ಅದುಮಿ, ಸುಮಾರು 2.1 ಮಿ.ಮೀ. ವ್ಯಾಸದ ರಂಧ್ರದಿಂದ 10 ನಿಮಿಷಕ್ಕೆ ಎಷ್ಟು ಗ್ರಾಂ ಇಳಿಯುತ್ತದೆಂದು ತೂಗುವ ಪರೀಕ್ಷೆ ಅದು. ಸರಬರಾಜುದಾರರ ಪತ್ರದಲ್ಲಿ 11 ಎಂದಿತ್ತು. ನನಗೆ ಸಿಕ್ಕಿದ್ದು 19. ಮಾಲೀಕರು ಅವರನ್ನು ತರಾಟೆಗೆ ತೆಗೆದುಕೊಳ್ಳಲು ಆಗಲೇ ಫೋನ್ ಎತ್ತಿಕೊಂಡಿದ್ದರು. ಸ್ವಲ್ಪ ತಾಳಿ ಎಂದು ಬೇಡಿಕೊಂಡು, ಗೋದಾಮಿನಲ್ಲಿ ಹೊಲಿಗೆ ಬಿಚ್ಚದೆ ಇದ್ದ ಚೀಲದ ಹರಳನ್ನು ಪರೀಕ್ಷಿಸಿದೆ: 11ರ ಆಸುಪಾಸು. ಆ ಹೊಸ ಮಾಲಿನ ಎಳೆ ರಂಧ್ರದಿಂದ ಹೊರಬರುತ್ತಲೇ ಉಬ್ಬಿ ದಪ್ಪಗಾಗುತ್ತಿತ್ತು. ಹಾಪರಿನದು ಸಪೂರವಾಗಿ, ಬಿಗಿಯೇ ಇಲ್ಲದಂತೆ ಜಾರುತ್ತಿತ್ತು. ತೂಕದ ಅಂಕಿಗಿಂತ ಈ ನೋಟವೇ ನನಗೆ ಹೆಚ್ಚು ಮನವರಿಕೆ ಮಾಡಿಕೊಟ್ಟಿತು.

ದೋಷ ನಮ್ಮ ಗ್ರೈಂಡರಿನಲ್ಲಿತ್ತು. ರನ್ನರುಗಳನ್ನೂ (ಅಚ್ಚಿನ ಕಾಲುವೆಯಲ್ಲಿ ಗಟ್ಟಿಯಾಗಿ ಉಳಿದ ಪ್ಲಾಸ್ಟಿಕ್) ತಿರಸ್ಕೃತ ಮುಚ್ಚಳಗಳನ್ನೂ ಪುಡಿಮಾಡಿ ಮತ್ತೆ ಮತ್ತೆ ಬೆರೆಸುತ್ತಿದ್ದೆವು, ಎಷ್ಟನೆಯ ಸಲವೆಂಬ ಲೆಕ್ಕ ಯಾರ ಬಳಿಯೂ ಇರಲಿಲ್ಲ. ಪಾಲಿಪ್ರೊಪಿಲೀನ್ ಸರಪಳಿಯಲ್ಲಿ ಒಂದು ಬಿಟ್ಟು ಒಂದು ಇಂಗಾಲಕ್ಕೆ ಮೀಥೈಲ್ ಗುಂಪು ಅಂಟಿರುತ್ತದೆ. ಆ ಇಂಗಾಲದ ಹೈಡ್ರೋಜನ್ ಸುಲಭವಾಗಿ ಕಳಚುವುದರಿಂದ, ಕಾವಿಗೂ ಆಮ್ಲಜನಕಕ್ಕೂ ಸಿಕ್ಕಿದ ಸರಪಳಿ ಅಲ್ಲಿಯೇ ತುಂಡಾಗುತ್ತದೆ. ಉದ್ದನೆಯ ಸರಪಳಿಗಳು ಕಲಸಿದ ಶಾವಿಗೆಯಂತೆ ಒಂದಕ್ಕೊಂದು ತೊಡರಿಕೊಂಡಿರುವಾಗ, ನಿಧಾನ ಹರಿವಿನಲ್ಲಿ ಅವುಗಳ ಸ್ನಿಗ್ಧತೆ, ಅಂದರೆ ಹರಿಯಲು ಒಡ್ಡುವ ತಡೆ, ಅಣುತೂಕದ ಸುಮಾರು 3.4ನೆಯ ಘಾತದಂತೆ ಏರುತ್ತದೆ. ಎಂಎಫ್‌ಐ ಒಂದೇ ಒತ್ತಡದ ಒರಟು ಅಳತೆಯಾದರೂ ಕಾಗದದ ಮೇಲೆ ಅಂದಾಜು ಮಾಡಿದೆ: 11 ಹೋಗಿ 19 ಆಗಲು ಸರಾಸರಿ ಅಣುತೂಕ ಶೇಕಡ 15ರಷ್ಟು ಕುಸಿದರೆ ಸಾಕು. ಮುಚ್ಚಳ ತಾಳಿಕೊಳ್ಳುವುದು ಆ ತೊಡರುಗಳ ಬಲದಿಂದ.

ಸಂಜೆ ಇದನ್ನೆಲ್ಲ ಕೇಳಿದ ಹಿರಿಯರು, “ಹಂಗಾದ್ರೆ ಹರಿಯೋದು ಕಡಿಮೆಯಾದ್ರೆ ಮಾಲು ಚೆನ್ನಾಗಿದೆ ಅಂತನಾ?” ಎಂದರು. ಉತ್ತರಿಸುವ ಬದಲು ಪಕ್ಕದ ಯಂತ್ರದಲ್ಲಿ ಹೀಗೆಯೇ ಮತ್ತೆ ಮತ್ತೆ ಬೆರೆಸಿದ್ದ ಎಚ್‌ಡಿಪಿಇ (ಹೆಚ್ಚು ಸಾಂದ್ರತೆಯ ಪಾಲಿಎಥಿಲೀನ್) ಪುಡಿಯನ್ನು 190 ಡಿಗ್ರಿಯಲ್ಲಿ ಹಾಕಿ ತೋರಿಸಿದೆ. ಅದರ ಹರಿವು ಹೊಸ ಎಚ್‌ಡಿಪಿಇ ಹರಳಿಗಿಂತ ಕಡಿಮೆಯಿತ್ತು, ಏಕೆಂದರೆ ಅಲ್ಲಿ ಸರಪಳಿಗಳು ತುಂಡಾಗುವುದಕ್ಕಿಂತ ಹೆಚ್ಚಾಗಿ ಒಂದಕ್ಕೊಂದು ಬೆಸೆದುಕೊಂಡಿದ್ದವು.